ಹತ್ತು ನಿಮಿಷದ ಭೇಟಿ

ಹೊಸ ಫ್ಲೂ ಆ ಐಸಿಯುಗೆ ಕಾಲಿಟ್ಟು ಒಂದೂವರೆ ತಿಂಗಳಾಗಿತ್ತು. ಹನ್ನೊಂದು ಹಾಸಿಗೆ, ಹನ್ನೊಂದು ವೆಂಟಿಲೇಟರು, ಅವುಗಳ ಪರದೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲು ಮೂವರೇ ನರ್ಸುಗಳು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಸಾವಿನ ಜೊತೆ ಗುದ್ದಾಡಿದ ಹೆಂಗಸು, ಆದರೆ ಸಂಜೆ ನಾಲ್ಕಕ್ಕೆ ರೋಗಿಗಳ ಮನೆಯವರಿಗೆ ಮಾಡುವ ಫೋನೆಂದರೆ ಮಾತ್ರ ಅವಳಿಗೆ ಭಯ.

ಮನೆಯವರಿಗೆ ದಿನಕ್ಕೊಂದು ಫೋನು, ಅಷ್ಟೇ. ಅದು ಬಿಟ್ಟರೆ ರೋಗಿಗೊಬ್ಬರಂತೆ, ಒಂದೇ ಒಂದು ಸಲ, ಮೈತುಂಬ ಗೌನು ತೊಟ್ಟು ಹತ್ತು ನಿಮಿಷ ಬಂದು ಹೋಗಬಹುದಿತ್ತು. ಯಾವಾಗ ಎನ್ನುವುದನ್ನು ಮನೆಯವರೇ ತೀರ್ಮಾನಿಸಬೇಕು. ಜೀವ ಹೋದ ಮೇಲೆ ಅದೂ ಇಲ್ಲ, ಚೀಲದಲ್ಲಿ ಮುಚ್ಚಿ ಸಾಗಿಸಿಬಿಡುತ್ತಿದ್ದರು. ಗೌನುಗಳ ಬರದಿಂದ ಹುಟ್ಟಿದ ನಿಯಮವಿದು. ಮಾಡಿದವರು ಯಾರೋ ಮಹಾನುಭಾವರು, ಅವರ ಮನೆಯವರು ಯಾರೂ ಒಳಗಿರಲಿಲ್ಲ.

ಏಳನೇ ಹಾಸಿಗೆಯಲ್ಲಿ ಒಬ್ಬ ದರ್ಜಿ ಇದ್ದ. ಬಾಯಲ್ಲಿ ನಳಿಗೆ, ಮೈಮೇಲೆ ಎಚ್ಚರವಿಲ್ಲ. ಮದುವೆಯಾದಾಗಿನಿಂದ ಅವರು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಇದೇ ಮೊದಲು ಎಂದು ಅವನ ಹೆಂಡತಿ ಒಮ್ಮೆ ತಮಾಷೆ ಮಾಡಲು ಹೋಗಿ ಅತ್ತುಬಿಟ್ಟಿದ್ದಳು. ತನ್ನ ಹತ್ತು ನಿಮಿಷವನ್ನು ಆಕೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವನು ಕಣ್ಣು ಬಿಟ್ಟಾಗ ಹೋಗಬೇಕು, ಇಲ್ಲವೇ ಕೈಮೀರಿದಾಗ ಹೋಗಬೇಕು, ನಡುವೆ ಹೋಗಿ ಕಳೆದುಕೊಳ್ಳಬಾರದು. ಅದಕ್ಕೇ ದಿನವೂ ರಕ್ತದಲ್ಲಿ ಆಕ್ಸಿಜನ್ ಎಷ್ಟೆಂದು ಕೇಳುತ್ತಿದ್ದಳು. ತೊಂಬತ್ತರ ಮೇಲಿದ್ದರೆ ಒಳ್ಳೆಯದೆಂದು ಸಿಸ್ಟರೇ ಹೇಳಿಕೊಟ್ಟಿದ್ದಳು. ತಪ್ಪು ಶುರುವಾದದ್ದು ಅಲ್ಲೇ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅಂಕಿ ಎಂಬತ್ತೆರಡಕ್ಕೆ ಕುಸಿಯಿತು. ಡಾಕ್ಟರು ವೆಂಟಿಲೇಟರು ಕೊಡುವ ಆಕ್ಸಿಜನ್ನನ್ನು ಶೇಕಡಾ ಅರವತ್ತರಿಂದ ನೂರಕ್ಕೆ ಏರಿಸಿದರು. ನೂರರಾಚೆ ಏರಿಸಲು ಏನೂ ಇಲ್ಲ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ತೊಂಬತ್ತೈದು ಬಂತು. ಯಂತ್ರ ತನ್ನಲ್ಲಿದ್ದುದನ್ನೆಲ್ಲ ಸುರಿದದ್ದಕ್ಕೆ ಬಂದ ಅಂಕಿಯದು, ದರ್ಜಿಯ ಶ್ವಾಸಕೋಶ ಎಳ್ಳಷ್ಟೂ ಸುಧಾರಿಸಿರಲಿಲ್ಲ. ಅದು ಸಿಸ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಫೋನಿನಲ್ಲಿ ದರ್ಜಿಯ ಹೆಂಡತಿ ಎಷ್ಟೆಂದು ಕೇಳಿದಾಗ ತೊಂಬತ್ತೈದು ಎಂದಷ್ಟೇ ಹೇಳಿದಳು. ಆ ಕಡೆ ಅಳುವೂ ನಗುವೂ ಒಟ್ಟಿಗೆ ಕೇಳಿಸಿದವು.

“ಹಾಗಾದ್ರೆ ಇವತ್ತು ಬರೋದು ಬೇಡ ಅಲ್ವಾ ಸಿಸ್ಟರ್? ಅವ್ರು ಕಣ್ಣು ಬಿಡ್ಲಿ, ಆಗ್ಲೇ ಬರ್ತೀನಿ.”

ನೂರರ ಮಾತು ಸಿಸ್ಟರ್ ನಾಲಿಗೆಯ ತುದಿಗೆ ಬಂದಿತ್ತು. ಹದಿನಾಲ್ಕು ದಿನದಲ್ಲಿ ಮೊದಲ ಸಲ ನಕ್ಕವಳ ಆಸೆಗೆ ತಣ್ಣೀರೆರಚಲು ಮನಸ್ಸಾಗಲಿಲ್ಲ. ಒಂದು ದಿನ ನೆಮ್ಮದಿಯಾಗಿರಲಿ, ನಾಳೆ ಹೇಳಿದರಾಯಿತು ಎಂದುಕೊಂಡು ಹೂಂ ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ದರ್ಜಿ ತೀರಿಕೊಂಡ. ಎಷ್ಟು ಬೇಗ ಎಂದರೆ, ಆಕೆಯನ್ನು ಕರೆಸಲೂ ಹೊತ್ತು ಸಿಗಲಿಲ್ಲ.

ಸಿಸ್ಟರ್ ನಾಲ್ಕರವರೆಗೆ ಕಾಯದೆ ತಾನೇ ಫೋನು ಮಾಡಿದಳು. ಸಾವನ್ನೂ ಹೇಳಿದಳು, ನಿನ್ನೆ ಮುಚ್ಚಿಟ್ಟ ಅಂಕಿಯನ್ನೂ ಹೇಳಿದಳು. ಬೈಗುಳಕ್ಕೆ ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

ದರ್ಜಿಯ ಹೆಂಡತಿ ಮೆಲ್ಲಗೆ ಕೇಳಿದಳು.

“ನನ್ನ ಹತ್ತು ನಿಮಿಷ ಇನ್ನೂ ಹಾಗೇ ಇದೆಯಲ್ಲ ಸಿಸ್ಟರ್. ಈಗ ಬರ್ಲಾ?”

ಏಳನೇ ಹಾಸಿಗೆಗೆ ಆಗಲೇ ಹೊಸ ಬಟ್ಟೆ ಹಾಸುತ್ತಿದ್ದರು.

“ಬರೋ ಹಾಗಿಲ್ಲಮ್ಮ” ಎಂದಳು ಸಿಸ್ಟರ್.