ಎರಡು ಟಿಕೆಟ್ಟಿನ ನಡುವೆ

ಬೆಲ್ಟಿನ ಮೇಲೆ ಎಲ್ಲರಿಗಿಂತ ಮೊದಲು ಬಂದದ್ದು ಅವನದೇ ಪೆಟ್ಟಿಗೆ. ವಿಮಾನ ಇಪ್ಪತ್ತು ನಿಮಿಷ ಮುಂಚೆಯೇ ಇಳಿದಿತ್ತು. ಪಾಸ್‌ಪೋರ್ಟ್ ನೋಡುವವನು ಮುಖವೆತ್ತದೆ ಮುದ್ರೆ ಒತ್ತಿದ್ದ. ಹತ್ತೂವರೆಗೆಲ್ಲ ಅವನು ಮುಂದಿನ ವಿಮಾನದ ಕೌಂಟರಿನೆದುರು ನಿಂತಾಗಿತ್ತು.

"ನಾಲ್ಕೂವರೆದಾ? ಅದಕ್ಕೆ ಕೌಂಟರ್ ತೆಗೆಯೋದು ಒಂದೂವರೆಗೆ ಸರ್," ಎಂದಳು ಕೌಂಟರಿನಾಕೆ. "ಹನ್ನೆರಡೂಕಾಲಿನದ್ರಲ್ಲಿ ಸೀಟಿದೆ, ಬೇಕಾದ್ರೆ ಬದಲಾಯಿಸ್ಕೊಡ್ತೀನಿ. ಹನ್ನೊಂದೂಕಾಲಿಗೆ ಮುಚ್ಚಿಬಿಡ್ತೀವಿ, ಈಗ್ಲೇ ಹೇಳಿ."

"ಬೇಡಮ್ಮ, ನನಗೇನೂ ಆತುರ ಇಲ್ಲ," ಎಂದು ನಕ್ಕು, ಎದುರಿನ ಬೆಂಚಿನಲ್ಲಿ ಪೆಟ್ಟಿಗೆಯನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತ.

ಅಕ್ಕನ ಎದೆಯ ಆಪರೇಷನ್ ಇದ್ದದ್ದು ಮರುದಿನ ಬೆಳಗ್ಗೆ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳು. ಉಳಿಯುವುದು ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಅವಳು ಕೇಳಿಕೊಂಡದ್ದು ಒಂದೇ: ಒಳಗೆ ಹೋಗುವ ಮುಂಚೆ ತಮ್ಮನ ಮುಖ ನೋಡಬೇಕು.

ಆತುರವಿಲ್ಲ ಎನ್ನುವುದೇ ಅವನ ಕಸುಬಾಗಿತ್ತು. ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಅಂಗಡಿ ನಡೆಸುತ್ತಿದ್ದವನು. ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನವಾದರೆ ತಂಟೆಯಿಲ್ಲ, ಮೊದಲಿನದು ತಡವಾದರೆ ಕಂಪನಿಯವರೇ ಇನ್ನೊಂದಕ್ಕೆ ಹತ್ತಿಸುತ್ತಾರೆ. ಈ ಸಲ ಅವನೇ ಕೊಂಡಂತೆ ಬೇರೆ ಬೇರೆಯಾಗಿ ಕೊಂಡರೆ ಹೇಳೋರಿಲ್ಲ ಕೇಳೋರಿಲ್ಲ. ಪೆಟ್ಟಿಗೆ ನೀನೇ ಬಿಡಿಸಿಕೊಳ್ಳಬೇಕು, ಮತ್ತೆ ನೀನೇ ಸಾಲಿನಲ್ಲಿ ನಿಲ್ಲಬೇಕು. ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಗಿರಾಕಿಯನ್ನು ಎರಡು ವಿಮಾನದ ನಡುವೆ ಒಂದೂವರೆ ಗಂಟೆಯಷ್ಟೇ ಇಟ್ಟು ಕಳಿಸಿದ್ದ, ಎರಡನೆಯದು ತಪ್ಪಿತು. ತಂದೆಯ ಮುಖ ನೋಡಲು ಹೊರಟ ಆತ ತಲುಪಿದ್ದು ಎಲ್ಲ ಮಣ್ಣಾದ ಮೇಲೆ. ತಿರುಗಿ ಬಂದವನು ಜಗಳವಾಡಲಿಲ್ಲ, ಬಳಸದ ಟಿಕೆಟ್ಟನ್ನು ಮೇಜಿನ ಮೇಲಿಟ್ಟು ಹೋದ. ಅದು ಇಂದಿಗೂ ಮೇಜಿನ ಗಾಜಿನಡಿ ಇದೆ. ಅಂದಿನಿಂದ ಐದು ಗಂಟೆಗೆ ಕಡಿಮೆ ಅಂತರದ ಟಿಕೆಟ್ಟನ್ನು ಅವನು ತಲೆ ಹೋದರೂ ಕೊಡುತ್ತಿರಲಿಲ್ಲ. 'ಐದುಗಂಟೆ ಮೇಷ್ಟ್ರು' ಎಂದು ಗಿರಾಕಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಆಮೇಲೆ ಒಬ್ಬರೂ ವಿಮಾನ ತಪ್ಪಿಸಿಕೊಂಡಿರಲಿಲ್ಲ.

ಜೊತೆಯಲ್ಲೇ ಅಂಗಡಿ ನೋಡಿಕೊಳ್ಳುವ ಹೆಂಡತಿ ಟಿಕೆಟ್ ಮಾಡುವಾಗ ಗೋಗರೆದಿದ್ದಳು. "ರೀ, ಹನ್ನೆರಡೂಕಾಲಿನದೇ ತಗೊಳ್ರೀ. ನಿಮ್ಮಕ್ಕ ರೀ."

"ಅಕ್ಕ ಅಂತಾನೇ ಕಣೇ! ಎರಡೇ ಗಂಟೇಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಹನ್ನೊಂದೂ ನಲವತ್ತಕ್ಕೆ ಅಕ್ಕನ ಮಗಳ ಫೋನ್ ಬಂತು.

"ಮಾವ, ಅಮ್ಮನಿಗೆ ಜಾಸ್ತಿಯಾಗಿದೆ. ನಾಳೆ ತನಕ ಕಾಯೋಕಾಗಲ್ಲವಂತೆ. ಇವತ್ತೇ ನಾಲ್ಕು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರೆ."

ಹನ್ನೆರಡೂಕಾಲಿನದು ಅಲ್ಲಿ ಇಳಿಯುವುದು ಎರಡೂಕಾಲಿಗೆ. ಅಲ್ಲಿಂದ ಆಸ್ಪತ್ರೆ ಅರ್ಧ ಗಂಟೆ. ಅವನು ಪೆಟ್ಟಿಗೆಯನ್ನು ಬಿಟ್ಟು ಕೌಂಟರಿಗೆ ಓಡಿದ.

"ಮುಚ್ಚಾಯ್ತಲ್ಲ ಸರ್."

"ವಿಮಾನ ಇನ್ನೂ ಇಲ್ಲೇ ಇದೆಯಲ್ಲಮ್ಮ!"

"ಇದೆ ಸರ್. ಸಿಸ್ಟಮ್ ತಗೊಳ್ಳಲ್ಲ."

ಆ ಮಾತನ್ನು ಅವನೇ ಎಷ್ಟು ಜನಕ್ಕೆ ಹೇಳಿದ್ದನೋ. ಆಕೆಯ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೆಯೇ ಹೇಸಿಗೆಯಾಯಿತು. ಒಂದು ಗಂಟೆಯ ಹಿಂದೆ ಇದೇ ಕಟ್ಟೆಯ ಮೇಲೆ ಮೊಣಕೈಯೂರಿ ಬೇಡಮ್ಮ ಎಂದು ನಕ್ಕಿದ್ದ. ಹನ್ನೆರಡೂಕಾಲಾದ ಮೇಲೆ ಬೋರ್ಡಿನಿಂದ ಆ ಸಾಲು ಅಳಿಸಿಹೋಯಿತು. ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲಕ್ಕೆ ಬಂದವು.

ಮೂರು ಗಂಟೆಗೆ ಮತ್ತೆ ಫೋನ್. ಈ ಸಲ ಅಕ್ಕನೇ.

"ಏನೋ, ಎಲ್ಲಿದ್ದೀಯ?" ದನಿ ಸೋತಿತ್ತು, ಗತ್ತು ಮಾತ್ರ ಹಾಗೇ ಇತ್ತು.

"ಏರ್‌ಪೋರ್ಟಲ್ಲೇ ಅಕ್ಕ, ಬೆಳಗ್ಗೆಯಿಂದ. ಮುಂಚಿನದ್ರಲ್ಲಿ ಸೀಟು ಕೊಡ್ತೀನಿ ಅಂದ್ರು. ನಾನೇ ಬೇಡ ಅಂದ್ಬಿಟ್ಟೆ." ಹೇಳದೆ ಇರಲು ಅವನಿಂದಾಗಲಿಲ್ಲ.



"ಅಯ್ಯೋ ನಿನ್ನ! ಸ್ಕೂಲಿಗೆ ಒಂದು ದಿನಾನೂ ಹೊತ್ತಿಗೆ ಸರಿಯಾಗಿ ಹೊರಟೋನಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಕೊಂಡು, 'ಬಂದ, ಅಗೋ ಬಂದ' ಅಂತ ದಿನಾ ಆ ಡ್ರೈವರ್ ಹತ್ರ ಬೈಸ್ಕೊಳ್ತಿದ್ದೆ ನಾನು. ಈಗ ನೋಡಿದ್ರೆ ಮುಂಚೇನೇ ಬಂದು ಕೂತಿದ್ದಾನಂತೆ."

"ಅಕ್ಕಾ..."

"ಅಳಬೇಡ್ವೋ. ಊಟ ಮಾಡಿದ್ಯಾ?"

"ಇಲ್ಲ."

"ಹೋಗು, ಏನಾದ್ರೂ ತಿನ್ನು. ಈ ಡಾಕ್ಟ್ರು ಕಾಯೋ ಪೈಕಿ ಅಲ್ಲ ಕಣೋ, ನಾನು ಕೇಳಿ ನೋಡಿದೆ."

ವಿಮಾನ ದೂರ ನಿಂತಿತ್ತು, ಅಲ್ಲಿವರೆಗೆ ಬಸ್ಸು. ಎಂದೂ ಸಾಲಿನ ಮೊದಲಿಗೆ ನಿಲ್ಲುವವನು ಇಂದು ಕೊನೆಯಲ್ಲಿದ್ದ. ಬಸ್ಸು ಹತ್ತುವಾಗ ಜೇಬಿನಲ್ಲಿ ಫೋನ್ ಅದುರಿತು: 'ಒಳಗೆ ಕರ್ಕೊಂಡು ಹೋದ್ರು ಮಾವ. ಅಮ್ಮ ಕೊನೆವರೆಗೂ ಬಾಗಿಲ ಕಡೆಗೇ ನೋಡ್ತಿದ್ರು.' ಗಂಟೆ ನಾಲ್ಕಾಗಿ ಐದು ನಿಮಿಷ.

ಅವನು ಮೆಟ್ಟಿಲ ಮೇಲೆ ಅದನ್ನು ಓದುತ್ತ ನಿಂತಿದ್ದಾಗ, ನಿಲ್ದಾಣದ ಗಾಜಿನ ಬಾಗಿಲಿನಿಂದ ಒಬ್ಬ ಹೆಂಗಸು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಓಡಿ ಬರುತ್ತಿರುವುದು ಕಂಡಿತು. ಹೆಗಲಿನ ಚೀಲ ಜಾರಿ ಮೊಣಕೈಗೆ ಬಂದಿತ್ತು. ಬಸ್ಸಿನ ಬಾಗಿಲು ಬುಸ್ಸೆಂದಿತು. ಅವನು ಹಿಂದಕ್ಕೆ ಸರಿದು ಒಂದು ಕಾಲನ್ನು ನೆಲಕ್ಕೂರಿದ, ಇನ್ನೊಂದು ಮೆಟ್ಟಿಲ ಮೇಲೆಯೇ ಇತ್ತು. ಮುಚ್ಚಲು ಬಂದ ಬಾಗಿಲು ಅವನ ಭುಜಕ್ಕೆ ತಾಗಿ ಹಿಂದೆ ಸರಿಯಿತು.

"ರೀ ಸ್ವಾಮಿ, ಹತ್ತೋದಾದ್ರೆ ಹತ್ರೀ!" ಎಂದು ಡ್ರೈವರ್ ರೇಗಿದ. "ಎಲ್ರಿಗೂ ಹೊತ್ತಾಗ್ತಿದೆ!"

"ಬಂದ್ರು," ಎಂದ ಅವನು, ಕಾಲು ತೆಗೆಯದೆ. "ಅಗೋ, ಬಂದ್ರು."