ಅರ್ಧ ಗಂಟೆಗೆ ಒಂದು ಸೆಕೆಂಡು ಕಡಿಮೆ

"ಬ... ಬ... ಬಂದೈತೇನಮ್ಮ, ನಂದು?"

ತಿಪ್ಪಯ್ಯ ಇನ್ನೂ ವೇಷ ಕಳಚಿರಲಿಲ್ಲ. ಕೋಟೆ ಕಾವಲುಗಾರನ ಕೆಂಪು ಪೇಟ ತಲೆಯ ಮೇಲೇ ಇತ್ತು. ಬೆಳ್ಳಿ ಬಣ್ಣ ಬಳಿದ ಮರದ ಈಟಿ ಕೈಯಲ್ಲಿತ್ತು. ಕಾಡಿಗೆಯ ಮೀಸೆ ಬೆವರಿಗೆ ಕರಗಿ ಗಲ್ಲದವರೆಗೆ ಇಳಿದಿತ್ತು. ಮಿಡಿಗೇಶಿ ಶಾಲೆಯ ಬಯಲಿನಲ್ಲಿ ಬಿಸಿಲು ಆಗಲೇ ಏರುತ್ತಿತ್ತು. ಬೆಳಗಿನ ಜಾವ ಮುಗಿದ ನಾಟಕದ ಪರದೆಗಳನ್ನು ಸೀನರಿಯವರು ಬಿಚ್ಚುತ್ತಿದ್ದರು. ಲೋಹಿತಾ ಸ್ಟೇಜಿನ ಅಂಚಿನಲ್ಲಿ ಕೂತು ಕ್ಯಾಮೆರಾದಲ್ಲಿ ಒಂದೊಂದೇ ಫೈಲು ತೆಗೆದು ನೋಡುತ್ತಿದ್ದಳು. ಇದು ಮೂರನೇ ಸಲ. ಮೂರನೇ ಸಲವೂ ಅದು ಇರಲಿಲ್ಲ.

"ನೋಡ್ತಿದೀನಿ ಅಣ್ಣ. ಒಂದು ಟೀ ಕುಡ್ಕೊಂಡು ಬನ್ನಿ."

"ಕು... ಕುಡ್ದೆ," ಎಂದ ತಿಪ್ಪಯ್ಯ ಅಲ್ಲೇ ನಿಂತ.

ಮಧುಗಿರಿಯ ಸ್ಟುಡಿಯೋದಿಂದ ಅವಳು ಒಬ್ಬಳೇ ಬಂದ ಮೊದಲ ಕೆಲಸ ಇದು. ಕ್ಯಾಮೆರಾ ಹತ್ತು ವರ್ಷ ಹಳೆಯ ಡಿಎಸ್ಎಲ್ಆರ್. ಫೋಟೋಕ್ಕೆ ಇವತ್ತಿಗೂ ಮೋಸವಿಲ್ಲ. ವಿಡಿಯೋ ಮಾತ್ರ ಇಪ್ಪತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ತಾನಾಗಿ ನಿಂತುಬಿಡುತ್ತದೆ. ಅರ್ಧ ಗಂಟೆ ಮುಟ್ಟಿದರೆ ಅದನ್ನು ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಯೂರೋಪಿನಲ್ಲಿ ಹೆಚ್ಚಿಗೆ ಸುಂಕ ಹಾಕುತ್ತಿದ್ದರಂತೆ. ಅದಕ್ಕೇ ಕಂಪನಿಯವರು ಒಂದು ಸೆಕೆಂಡು ಮೊದಲೇ ಅದರ ಕತ್ತು ಹಿಸುಕಿದ್ದರು. ಯೂರೋಪಿನ ಸುಂಕದ ಕಟ್ಟೆ ಮಿಡಿಗೇಶಿಯ ನಾಟಕಕ್ಕೂ ಅಡ್ಡ ಬಂದಿತ್ತು.

ಇದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಪರದೆ ಬಿದ್ದಾಗಲೆಲ್ಲ ನಿಲ್ಲಿಸಿ, ಎದ್ದಾಗ ಮತ್ತೆ ಒತ್ತುವುದು ಅವಳ ಕ್ರಮ. ಪಾಳೇಗಾರನ ದರ್ಬಾರು, ಅದರ ಬೆನ್ನಿಗೇ ತಿಪ್ಪಯ್ಯನ ಕೋಟೆ ಬಾಗಿಲಿನ ದೃಶ್ಯ. ನಡುವೆ ಪರದೆ ಬೀಳುವುದಿಲ್ಲ. ತಾಲೀಮಿನಲ್ಲಿ ಎರಡೂ ಸೇರಿ ಇಪ್ಪತ್ತೆರಡು ನಿಮಿಷವಾಗಿತ್ತು. ಆ ಧೈರ್ಯದ ಮೇಲೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಟ್ಟು, ಸಂಜೆಯಿಂದ ತಡೆದುಕೊಂಡಿದ್ದ ಮೂತ್ರಕ್ಕೆಂದು ಹೋಗಿದ್ದಳು. ಗಂಡಸರಿಗೆ ಶಾಲೆಯ ಹಿಂದಿನ ಗೋಡೆ ಇತ್ತು. ಅವಳು ತಿಪ್ಪಯ್ಯನ ಹೆಂಡತಿ ಲಕ್ಷ್ಮಕ್ಕನ ಮನೆಯವರೆಗೆ ನಡೆಯಬೇಕಿತ್ತು. ಅಷ್ಟರಲ್ಲಿ ಪಾಳೇಗಾರನ ಹಾಡಿಗೆ ಜನ ಮೂರು ಸಲ ಒನ್ಸ್ ಮೋರ್ ಕೂಗಿದರು. ವಾಪಸು ಬಂದಾಗ ಕೆಂಪು ಚುಕ್ಕೆ ಆರಿತ್ತು, ಬಯಲು ಚಪ್ಪಾಳೆ ಹೊಡೆಯುತ್ತಿತ್ತು. ಸ್ವಲ್ಪವಾದರೂ ಬಂದಿರಬಹುದು ಎಂಬ ಆಸೆಯಲ್ಲೇ ಬೆಳಗು ಮಾಡಿದ್ದಳು. ಫೈಲಿನ ಕೊನೆಯಲ್ಲಿ ಪಾಳೇಗಾರ ಬಾಯಿ ತೆರೆದು ನಿಂತಿದ್ದ. ಮುಂದೆ ಏನೂ ಇರಲಿಲ್ಲ.

ಸ್ವಲ್ಪ ಆಚೆ ಹೋಗಿ ಸ್ಟುಡಿಯೋದ ನವೀನ್ ಕುಮಾರನಿಗೆ ಫೋನ್ ಮಾಡಿದಳು.

"ಕಾರ್ಡ್ ಕರಪ್ಟ್ ಆಯ್ತು ಅನ್ನು. ಮುಗೀತು," ಎಂದ ಅವನು. "ಹಳ್ಳಿಯೋರಿಗೆ ಏನ್ ಗೊತ್ತಾಗ್ತದೆ? ಇನ್ನೊಂದು ವರ್ಷ ತಡಿ, ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳಾಣ. ಅದುಕ್ಕೆ ಈ ಅರ್ಧ ಗಂಟೆ ರಗಳೆ ಇಲ್ಲ. ಕಂಪನಿಯೋರೇ ಇದನ್ನ ಕೈಬಿಟ್ಟವ್ರೆ, ನೀನ್ಯಾಕೆ ತಲೆ ಕೆಡಿಸ್ಕೊಂತೀಯ?"

"ಮುಂದಿನ ವರ್ಷದ್ ಕ್ಯಾಮೆರಾದಲ್ಲಿ ನಿನ್ನೆ ರಾತ್ರಿದು ಬರ್ತದಾ ಸಾರ್?" ಎಂದು ಅವಳು ಫೋನಿಟ್ಟಳು.

ತಿರುಗಿದರೆ ಎದುರಿಗೆ ಲಕ್ಷ್ಮಕ್ಕ. ರಾತ್ರಿ "ಬಾಗ್ಲು ತೆಗ್ದೇ ಐತೆ, ಹೋಗ್ಬಾ ಮಗ" ಎಂದವಳು ಅವಳೇ.

"ಅಕ್ಕಾ, ನಿಮ್ಮೆಜಮಾನ್ರ ಪಾರ್ಟು ಬಂದಿಲ್ಲ," ಎಂದಳು ಲೋಹಿತಾ. "ನಾನು ನಿಮ್ಮನೇಗ್ ಹೋಗಿದ್ದಾಗ ಕ್ಯಾಮೆರಾ ನಿಂತೋಯ್ತು. ತಪ್ಪು ನಂದೇ."

ಲಕ್ಷ್ಮಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೇಜಿನ ಬಳಿ ಈಟಿ ಹಿಡಿದು ನಿಂತಿದ್ದ ಗಂಡನ ಕಡೆ ನೋಡಿದಳು.

"ನಮ್ ಚೈತ್ರ ಪಾವಗಡದ ಹಾಸ್ಟೆಲ್‌ನಾಗೆ ಓದ್ತಾಳಲ್ಲ, ಹೋದ್ ವರ್ಷ ಈವಯ್ಯ ಮೀಟಿಂಗಿಗೆ ಹೋಗಿತ್ತು. ಮೇಡಮ್ಮು ಹೆಸ್ರು ಕೇಳುದ್ರೆ ಹೆಸ್ರೇ ಹೊಂಡ್ಲಿಲ್ಲ. ಹುಡುಗ್ರೆಲ್ಲ ನಕ್ಬುಟ್ರಂತೆ. 'ಇನ್ಮ್ಯಾಕೆ ನೀನ್ ಬರ್ಬೇಡ, ಅಮ್ಮುನ್ ಕಳ್ಸು' ಅಂದ್ಬುಟ್ಲು ಮಗ್ಳು. ವಿಡಿಯೋ ಮಾಡ್ಸಿ ಮಗ್ಳಿಗೆ ತೋರುಸ್ಬೇಕು ಅಂತ ಅವತ್ತಿಂದ ಈ ಪಾರ್ಟಿನ ಹಿಂದೆ ಬಿದ್ದೈತೆ. ಮೂರು ತಿಂಗ್ಳು ದನ ಮೇಯ್ಸ್ಕೊಂಡು ಬಂಡೆಗೆ ಹೇಳ್ಕೊಂತಿತ್ತು. ರಾತ್ರಿ ಒಂದ್ ಕಡೆನೂ ತಡೀಲಿಲ್ಲ ಕಣಮ್ಮ. ನಾನೇ ನಂಬಿಲ್ಲ."

ಕಾವಲುಗಾರನ ಪಾರ್ಟಿಗೆ ಇದ್ದದ್ದು ನಾಲ್ಕೇ ಮಾತು, ಅದರಲ್ಲೂ 'ಬ'ಕಾರವೇ ಹೆಚ್ಚು. ತಿಪ್ಪಯ್ಯನಿಗೆ ನಾಲಿಗೆ ಸಿಕ್ಕಿಕೊಳ್ಳುವುದೂ ಅಲ್ಲೇ. ನಾಟಕ ಬರೆದ ಹಾರ್ಮೋನಿಯಂ ಮೇಷ್ಟ್ರು ಅಡವಯ್ಯ ಮಾತು ಬದಲಿಸಿ ಕೊಡುತ್ತೇನೆ ಎಂದಾಗ ಅವನೇ ಬೇಡವೆಂದು ತಲೆಯಾಡಿಸಿದ್ದನಂತೆ.

ಲೋಹಿತಾ ನೇರ ಅವನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೇಳಿಸಿಕೊಂಡ. ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಓ, ಅಷ್ಟೇನಾ!" ಪಾಳೇಗಾರನ ಪಾರ್ಟು ಮಾಡಿದ್ದ ರಾಮಾಂಜನೇಯ ಬನಿಯನ್ನಿನಲ್ಲಿ ಕೂತು ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಉಜ್ಜುತ್ತಿದ್ದ. "ಅವುಂದ್ ಏನೈತೆ, ನಾಕು ಮಾತು. ನಂದೆಲ್ಲ ಬಂದೈತಲ್ಲಮ್ಮ?"

"ನಿಮ್ದು ಮೂರ್ಮೂರು ಸಲ ಬಂದೈತೆ. ಅದುಕ್ಕೇ ಅವ್ರುದ್ ಬಂದಿಲ್ಲ."

ಸೀನರಿಯವರು ಕಿಸಕ್ಕನೆ ನಕ್ಕರು. ರಾಮಾಂಜನೇಯನ ಕೈ ಕೆನ್ನೆಯ ಮೇಲೇ ನಿಂತಿತು.

"ಅಣ್ಣ, ವೇಷ ಮೈಮೇಲೇ ಐತೆ. ಈಗ್ಲೇ ಹೇಳಿ, ತೆಗೀತೀನಿ."

ತಿಪ್ಪಯ್ಯ ಪೇಟವನ್ನು ಮತ್ತೆ ತಲೆಗೆ ಇಟ್ಟುಕೊಂಡ. ಸ್ಟೇಜು ಹತ್ತಿದ. ಲೋಹಿತಾ ಗುಂಡಿ ಒತ್ತಿದಳು.

"ನಿಲ್ಲು! ಈ ಬಾ... ಬಾ... ಬಾ..."

ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿಹೋಯಿತು. ಅವನು ಈಟಿಯನ್ನು ಹಲಗೆಯ ಮೇಲೆ ಕುಟ್ಟಿದ. ಪದ ಹೊರಡಲಿಲ್ಲ. ಲೋಹಿತಾ ಕ್ಯಾಮೆರಾ ನಿಲ್ಲಿಸಿ ಆ ತುಣುಕನ್ನು ಅಳಿಸಿದಳು.

"ರಾ... ರಾತ್ರಿ ಬ... ಬಂತು," ಎಂದ ಅವನು ಕೆಳಗಿಳಿಯುತ್ತ. "ಓಯ್ತು. ಬುಡಮ್ಮ."

"ಏಮಯ್ಯಾ ತಿಪ್ಪಯ್ಯ, ಶ್ರುತಿ ಇಲ್ದೆ ಮಾತಾಡಕ್ಕೆ ಯಾರ್ ಹೇಳಿದ್ದು ನಿಂಗೆ?"

ಟೀ ಅಂಗಡಿಯಿಂದ ಅಡವಯ್ಯ ಬರುತ್ತಿದ್ದ. ಹಾರ್ಮೋನಿಯಂ ಆಗಲೇ ಪೆಟ್ಟಿಗೆ ಸೇರಿ, ಪೆಟ್ಟಿಗೆಗೆ ಹಗ್ಗ ಬಿದ್ದಿತ್ತು. ಒಂಬತ್ತರ ಪಾವಗಡ ಬಸ್ಸಿಗೆ ಹತ್ತು ನಿಮಿಷವಿತ್ತು. ಲೋಹಿತಾ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಮುದುಕ ಅವಳ ಮುಖವನ್ನೂ ಕ್ಯಾಮೆರಾವನ್ನೂ ನೋಡಿದ.

"ಇಷ್ಟು ದೊಡ್ಡ ಕಣ್ಣು ಇಟ್ಕೊಂಡು ಅರ್ಧ ಗಂಟೆಗೇ ನಿದ್ದೆನಾ ಇದಕ್ಕೆ?"

"ವಯಸ್ಸಾಯ್ತು ಮೇಷ್ಟ್ರೇ."

"ನಂಗೂ ಆಯ್ತು. ನಾನ್ ಬೆಳಗ್ಗಂಟ ಬಾರಿಸ್ಲಿಲ್ವಾ?" ಎಂದು ಗೊಣಗುತ್ತ ಅವನು ಹಗ್ಗ ಬಿಚ್ಚತೊಡಗಿದ. "ಹನ್ನೊಂದಕ್ಕೂ ಬಸ್ಸೈತೆ."

ತಾಲೀಮಿನಲ್ಲಿ ಅಡವಯ್ಯ ಹಿಡಿದಿದ್ದ ದಾರಿ ಸರಳ. ತಿಪ್ಪಯ್ಯನ ಮಾತಿನ ಕೆಳಗೆ ಹಾರ್ಮೋನಿಯಂನ ಒಂದೇ ಸ್ವರದ ಮನೆ ಒತ್ತಿ ಹಿಡಿಯುವುದು. ಮಾತು ಮುಗಿಯುವ ತನಕ ಬೆರಳು ಎತ್ತುವುದಿಲ್ಲ. ಹಗ್ಗ ಹಿಡಿದು ನಡೆದ ಹಾಗೆ ತಿಪ್ಪಯ್ಯ ಆ ಸ್ವರ ಹಿಡಿದು ದಾಟುತ್ತಿದ್ದ.

ಅಷ್ಟರಲ್ಲಿ ಸೀನರಿಯವರು ಕೊನೆಯ ಪರದೆ ಇಳಿಸಿದರು. ಬಣ್ಣದ ಕೋಟೆ ಮಡಿಸಿಕೊಂಡು ಕೆಳಗೆ ಬಂತು. ಅದರ ಹಿಂದೆ ಮಿಡಿಗೇಶಿ ಬೆಟ್ಟ, ಬಂಡೆಯ ಮೈಗೆ ಅಂಟಿಕೊಂಡ ಹಳೇ ಕೋಟೆಯ ಗೋಡೆ, ಗೋಡೆಯ ಮೇಲೆ ಬಿಸಿಲು. ರಾತ್ರಿಯ ವಿಡಿಯೋಗಳಲ್ಲೆಲ್ಲ ಬೆಳಕು ಸಾಲದೆ ಕಪ್ಪು ಮೂಲೆಗಳು ರವೆಯ ಹಾಗೆ ಕುದಿಯುತ್ತಿದ್ದವು. ಈ ಬೆಳಕಿನಲ್ಲಿ ಹಳೇ ಕ್ಯಾಮೆರಾ ತಿಪ್ಪಯ್ಯನ ಕಾಡಿಗೆಯ ಒಂದೊಂದು ಹನಿಯನ್ನೂ ಹಿಡಿಯಿತು. ಲೋಹಿತಾ ಫೋಕಸ್ಸನ್ನು ಕೈಯಲ್ಲೇ ತಿರುಗಿಸಿ ಅವನ ಕಣ್ಣಿಗೆ ನಿಲ್ಲಿಸಿ, ಗುಂಡಿ ಒತ್ತಿದಳು. ಹಾರ್ಮೋನಿಯಂ ಉಸಿರೆಳೆದುಕೊಂಡಿತು.

"ನಿಲ್ಲು! ಈ ಬಾಗಿಲು ಬಂಗಾರಕ್ಕೆ ತೆರೆಯುವುದಲ್ಲ, ಬೆದರಿಕೆಗೆ ತೆರೆಯುವುದಲ್ಲ. ಒಳಗೆ ಊರಿಗೆ ಊರೇ ನನ್ನನ್ನು ನಂಬಿ ಮಲಗಿದೆ. ಬರುವವನು ಯಾರೇ ಆಗಿರಲಿ, ಬೆಳಗಾಗುವವರೆಗೆ ಹೊರಗೇ ನಿಲ್ಲಲಿ!"

ಅಡವಯ್ಯ ಬೆರಳೆತ್ತಿದ. ಲಕ್ಷ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ರಾಮಾಂಜನೇಯ ಅರ್ಧ ಬಣ್ಣ ಉಳಿದ ಮುಖದಲ್ಲಿ ಎದ್ದು ನಿಂತಿದ್ದ. ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಸೀನರಿಯವನೊಬ್ಬ ಲಾರಿಯ ಹತ್ತಿರದಿಂದಲೇ ಕೂಗಿದ.

"ಒನ್ಸ್ ಮೋರ್!"

ತಿಪ್ಪಯ್ಯ ಗಾಬರಿಯಾಗಿ ಲೋಹಿತಾಳ ಕಡೆ ನೋಡಿದ. ಅವಳು ಅಂಕಿ ನೋಡಿದಳು. ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ. ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಹೇಳಿ ಎಂದು ಅವಳು ಕೈ ಮಾಡಿದಳು. ಅವನು ಪೇಟ ಸರಿ ಮಾಡಿಕೊಂಡು ಈಟಿಯನ್ನು ನೆಟ್ಟಗೆ ಹಿಡಿದ.