ಪ್ಲೇಟಿನ ಎರಡನೆಯ ಮಗ್ಗುಲು

ಕುಬಾತ್ ಸೈನ್ಯಕ್ಕೆ ಹೊರಟ ದಿನ ತನ್ನ ಕಂದು ಕೋಟನ್ನು ಬಿಚ್ಚಿ ಗೆಳೆಯ ತಾಲಾಯ್‌ನ ಕೈಗೆ ಕೊಟ್ಟ. ನನ್ನ ಕೈಗೆ ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲಿಯೇ ಗೇಟಿನ ಮುಂದೆ ಅತ್ತುಬಿಡುತ್ತಿದ್ದೆ ಎಂದು ಮಗನಿಗೆ ಗೊತ್ತಿತ್ತು. ಆ ಕೋಟಿನ ಎಡತೋಳಿನ ಗುಂಡಿ ಬಿದ್ದುಹೋಗಿ, ಕುರಿಮೂಳೆಯಲ್ಲಿ ಕೊರೆದ ಬಿಳಿ ಗುಂಡಿಯೊಂದನ್ನು ನಾನೇ ಹೊಲಿದಿದ್ದೆ. ಕೋಟು, ಒಂದು ಗಿಟಾರು, ತನ್ನ ಹಾಡುಗಳನ್ನು ಬರೆದಿಟ್ಟ ಒಂದು ನೋಟುಬುಕ್ಕು, ಇಷ್ಟೇ ಅವನು ಬಿಟ್ಟುಹೋದದ್ದು. ಮೂರೂ ತಾಲಾಯ್‌ನ ಹತ್ತಿರವೇ ಉಳಿದವು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಫ್ರುಂಜೆ ಪಟ್ಟಣದಲ್ಲಿ ನಮ್ಮ ಬೀದಿಯ ಕೊನೆಯ ಗ್ಯಾರೇಜಿನಲ್ಲಿ ಇನ್ನಿಬ್ಬರನ್ನು ಕೂಡಿಸಿಕೊಂಡು ರಾಕ್ ಬಾರಿಸುತ್ತಿದ್ದರು. ಬ್ಯಾಂಡಿಗೆ ‘ಅಶೂ’ ಎಂದು ಹೆಸರಿಟ್ಟವನೂ ಕುಬಾತನೇ. ಬೆಟ್ಟ ದಾಟುವ ಕಣಿವೆದಾರಿಗೆ ನಾವು ಹಾಗೆನ್ನುತ್ತೇವೆ.

ಎರಡು ವರ್ಷದ ಮೇಲೆ, ಅವನನ್ನು ಕಳಿಸಿದ್ದ ಅಫಘಾನಿಸ್ತಾನದಿಂದ ಕಾಗದ ಬಂತು. ನನಗೆ ಓದು ಅಷ್ಟಕ್ಕಷ್ಟೆ. ಸತ್ತ ಎನ್ನುವ ಮಾತನ್ನು ಮಾತ್ರ ಬೆರಳಿಟ್ಟು ಹುಡುಕಿದೆ, ಸಿಗಲಿಲ್ಲ. ಕಾಣೆಯಾಗಿದ್ದಾನೆ ಎಂದಷ್ಟೇ ಇತ್ತು. ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಗುರುವಾರ ಗುರುವಾರ ಎಣ್ಣೆ ಕಾಯಿಸಿ, ಸತ್ತವರ ಹೆಸರು ಹೇಳಿ ಏಳು ರೊಟ್ಟಿ ಕರಿಯುತ್ತೇವೆ. ಆ ವಾಸನೆ ಅವರಿಗೆ ಮುಟ್ಟುತ್ತದೆ. ಗಂಡನ ಹೆಸರಿಗೆ ಕರಿಯುತ್ತಿದ್ದೆ, ಮಗನ ಹೆಸರು ಎತ್ತಲಿಲ್ಲ. ಇದು ಕೇರಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಅವರಿಗೆ ಅದು ವಿಚಿತ್ರವಾಗಿ ಕಂಡಿತು, ಯಾಕೆಂದರೆ ಸುತ್ತಲಿನ ಊರುಗಳಲ್ಲಿ ಕೊಶೋಕ್ ಹಾಡಬೇಕೆಂದರೆ ನನ್ನನ್ನೇ ಕರೆಯುತ್ತಿದ್ದರು. ಸಾವಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ, ಬಂದವರಿಗೆ ಬೆನ್ನು ತೋರಿಸಿ ಕೂತು, ಸತ್ತವರ ಗುಣ ಹೇಳಿಕೊಂಡು ಅಳುವ ಹಾಡು ಅದು. ನನಗೆ ನನ್ನ ತಾಯಿಯಿಂದ ಬಂತು. ಸಾವಿಲ್ಲದೆ ಅದನ್ನು ಹಾಡಬಾರದು, ಹಾಡಿದರೆ ಅದು ತನಗೆ ಬೇಕಾದವರನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಕಲಿಸುವಾಗಲೇ ಹೇಳಿದ್ದಳು.

ನನ್ನ ವಾರಗಿತ್ತಿ ಸಾಕಿಶ್‌ಗೆ ಬಾಯಿ ಜೋರು. ಒಂದು ದಿನ ಹತ್ತು ಜನರೆದುರು ಚಹಾ ಬಟ್ಟಲು ಕೆಳಗಿಟ್ಟು ಅಂದಳು:

“ಊರವರ ಮಕ್ಕಳಿಗೆಲ್ಲ ಹಾಡ್ತೀಯ ಬುರುಲ್ಚಾ. ನಿನ್ನ ಹೊಟ್ಟೇಲಿ ಹುಟ್ಟಿದವನನ್ನ ಮಾತ್ರ ಬಾಗಿಲ ಹೊರಗೇ ನಿಲ್ಲಿಸಿದೀಯ. ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ.”

ಹಾಡಿದರೆ ಅವನು ಸತ್ತ ಹಾಗೆ. ಹಾಡದಿದ್ದರೆ ಇನ್ನೂ ಎಲ್ಲೋ ಒಂದು ಕಡೆ ಇದ್ದಾನೆ. ನನ್ನ ಕೈಯಲ್ಲಿದ್ದದ್ದು ಅದೊಂದೇ.

ಆಗ ನಾನು ರೇಡಿಯೋ ಕಟ್ಟಡದಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದೆ. ಎಂಬತ್ತಾರರ ವಸಂತದಲ್ಲಿ ತಾಲಾಯ್ ಓಡಿಕೊಂಡು ಬಂದ. ಅಶೂ ಬ್ಯಾಂಡಿನ ಮೊದಲ ಗ್ರಾಮಫೋನ್ ಪ್ಲೇಟು ಮಾಡಲು ಅಪ್ಪಣೆ ಸಿಕ್ಕಿದೆ, ನಮ್ಮ ಕಟ್ಟಡದ ಸ್ಟುಡಿಯೋದಲ್ಲೇ ರೆಕಾರ್ಡು ಮಾಡುವುದು, ಹಾಡೆಲ್ಲ ಕುಬಾತನವೇ ಎಂದ. ಅವನಿಗೆ ಆಗ ಇಪ್ಪತ್ತಮೂರು. ಸಂತೋಷಕ್ಕೆ ನನ್ನ ಬಕೆಟ್ಟನ್ನು ಒದ್ದು ನೀರೆಲ್ಲ ಚೆಲ್ಲಿ, ತಾನೇ ಕೂತು ಒರೆಸಿದ.

ಆ ಸ್ಟುಡಿಯೋದ ಗೋಡೆ ಬರಿಯ ಗಾರೆ. ಡ್ರಮ್ ಬಾರಿಸಿದರೆ ಖಾಲಿ ಹಂಡೆ ಉರುಳಿದಂತೆ ಸದ್ದಾಗುತ್ತಿತ್ತು. ಗಾಜಿನ ಹಿಂದೆ ಕೂತು ಟೇಪು ನೋಡಿಕೊಳ್ಳುತ್ತಿದ್ದವರು ಗೆನ್ನಾದಿ ಕಾರ್ಲೊವಿಚ್. ಜರ್ಮನ್ ಮೂಲದವರು, ನನ್ನದೇ ವಯಸ್ಸು, ಮಾತು ಕಡಿಮೆ. ಗೋಡೆಗೆ ದಪ್ಪ ಬಟ್ಟೆ ಬೇಕು ಅಂದರು. ಹುಡುಗರು ತಮ್ಮ ತಮ್ಮ ಮನೆಗಳಿಂದ ಉಣ್ಣೆಯ ಹಾಸುಗಳನ್ನು ಹೊತ್ತು ತಂದು ಮೊಳೆ ಹೊಡೆದರು. ನಾನೂ ಎರಡು ಕೊಟ್ಟೆ. ಕೊನೆಗೆ ನೋಡಿದರೆ ಸ್ಟುಡಿಯೋ ನಮ್ಮ ಉಣ್ಣೆಯ ಗುಡಾರದ ಒಳಗಿನ ಹಾಗೆ ಕಂಡಿತು. ಕೆಮ್ಮಿದರೂ ಗೋಡೆ ನುಂಗಿಬಿಡುತ್ತಿತ್ತು. ಒಳಗೆ ಹೋದಾಗಲೆಲ್ಲ ನನಗೆ ಯಾಕೋ ಚಪ್ಪಲಿ ಬಿಚ್ಚಬೇಕೆನಿಸುತ್ತಿತ್ತು.

ಬೇಸಿಗೆಯೆಲ್ಲ ಬಾರಿಸಿದರು. ಒಂದೇ ಹಾಡನ್ನು ಮೂವತ್ತು ಸಲ. ನಾನು ಪಡಸಾಲೆ ಒರೆಸುತ್ತ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ. ಆ ಗದ್ದಲ ನನಗೆ ತಿಳಿಯುತ್ತಿರಲಿಲ್ಲ. ಆದರೆ ನಡುವೆ ಒಂದೊಂದು ಮಾತು ಮಗನದು. ಚಿಕ್ಕವನಿದ್ದಾಗ ಅಟ್ಟದ ಮೇಲೆ ಮಲಗಿ ಹೇಳುತ್ತಿದ್ದ ಮಾತುಗಳು, ತಾಲಾಯ್‌ನ ದನಿಯಲ್ಲಿ ಬರುತ್ತಿದ್ದವು.

ಆರು ಹಾಡು ಮುಗಿದವು. ಏಳನೆಯದಕ್ಕೆ ಕುಬಾತ್ ರಾಗ ಮಾತ್ರ ಹಾಕಿದ್ದ, ಮಾತು ಬರೆದಿರಲಿಲ್ಲ. ಹಾಡುಗಳಿಗೆ ಒಪ್ಪಿಗೆ ಕೊಡುವ ಮಂಡಳಿಯವರು ಬಂದು ಕೇಳಿದರು. ಎಲ್ಲ ಪರದೇಶದ ಕೂಗಾಟ, ನಮ್ಮ ಜನರದು ಅನ್ನುವಂಥದ್ದು ಏನಿದೆ ಇದರಲ್ಲಿ, ಏಳನೆಯದರಲ್ಲಾದರೂ ಒಂದು ಹಳೆಯ ದನಿ ಇಡಿ, ಇಲ್ಲದಿದ್ದರೆ ಪ್ಲೇಟು ಇಲ್ಲ ಎಂದು ಹೇಳಿ ಹೋದರು.

ಮರುದಿನ ತಾಲಾಯ್ ನನ್ನ ಎದುರು ಕೂತ. ತಾಯಿಗೆ ನಾವು ಅಪಾ ಎನ್ನುತ್ತೇವೆ, ಅವನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದ. ತುಂಬ ಹೊತ್ತು ಚಹಾದೊಳಗೆ ಚಮಚ ತಿರುಗಿಸಿದ.

“ಅಪಾ, ನಿಮ್ಮನ್ನ ಕೇಳಬಾರದು ಅಂತ ಗೊತ್ತು. ಆದರೆ ನೀವು ಹಾಡದಿದ್ರೆ ಕುಬಾತನ ಹಾಡೆಲ್ಲ ಆ ಟೇಪಿನ ಡಬ್ಬೀಲೇ ಕೊಳೀತವೆ. ಅವನ ಹೆಸರು ಎಲ್ಲೂ ಉಳಿಯಲ್ಲ.”

ಮೂರು ದಿನ ಯೋಚಿಸಿದೆ. ಆಮೇಲೆ ಒಂದು ದಾರಿ ಹೊಳೆಯಿತು. ನನ್ನ ತಾಯಿ ಕಲಿಸಿದ ಕೊಶೋಕ್‌ಗಳಲ್ಲಿ ಒಂದು, ಎಂದೋ ಸತ್ತ ಒಬ್ಬ ಪಾಳೆಯಗಾರನಿಗೆ ಅವನ ಹೆಂಡತಿ ಹಾಡಿದ್ದು. ಇನ್ನೂರು ವರ್ಷದ ಹಿಂದಿನ ಸಾವು. ಅವನನ್ನು ಅತ್ತು ಮುಗಿಸಿಯಾಗಿದೆ. ಅದನ್ನು ಹಾಡಿದರೆ ಅದು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಗಲಿ ಎಂದೆ.

ಹಾಡುವ ದಿನ ಬೆಳಿಗ್ಗೆ ಹತ್ತು ಗಂಟೆ. ಕಿಟಕಿಯ ಹೊರಗೆ ಬಿಸಿಲು ಚೆನ್ನಾಗಿತ್ತು. ಬಿಳಿ ರುಮಾಲು ಕಟ್ಟಿಕೊಂಡು ಬಾಗಿಲು ದೂಡಿದೆ. ಎದುರಿನ ಗೋಡೆಯ ಮೇಲೆ, ಉಣ್ಣೆಯ ಹಾಸಿನ ನಡುವೆ, ಕುಬಾತನ ಕೋಟು ತೂಗುತ್ತಿತ್ತು. ಎರಡು ತೋಳು ಚಾಚಿ, ಹೆಗಲ ಒಳಗೆ ಕೋಲು ಕೊಟ್ಟು ನಿಲ್ಲಿಸಿದ್ದರು. ಕೆಳಗೆ ನನಗೊಂದು ಚಾಪೆ, ಚಾಪೆಯ ಮುಂದೆ ಮೈಕು.

ಹುಡುಗರು ಪೇಟೆಯಲ್ಲಿ ಬೆಳೆದವರು. ಹಿಂದಿನ ಕಾಲದಲ್ಲಿ ಹೀಗೆ ಬಟ್ಟೆ ತೂಗುಹಾಕಿ ಅದರ ಕೆಳಗೆ ಕೂತು ಹಾಡುತ್ತಿದ್ದರಂತೆ ಎಂದು ಎಲ್ಲೋ ಓದಿದ್ದರು. ನನಗೆ ಹಾಡಲು ಮನಸ್ಸು ಬರಲಿ ಎಂದು ಮಾಡಿದ್ದು. ಯಾರ ಬಟ್ಟೆ ತೂಗುತ್ತದೋ ಸತ್ತವನು ಅವನೇ ಎನ್ನುವುದು ಅವರಿಗೆ ತಿಳಿಯದು. ತೂಗುಹಾಕಿದ ಮೇಲೆ ಸುಮ್ಮನೆ ಇಳಿಸುವಂತಿಲ್ಲ, ಬಟ್ಟೆಯ ಒಡೆಯನಿಗೆ ಕೊಶೋಕ್ ಹಾಡಿಯೇ ಇಳಿಸಬೇಕು ಎನ್ನುವುದೂ ತಿಳಿಯದು. ಪಾಳೆಯಗಾರನ ಹಾಡು ಇನ್ನು ನಡೆಯುವುದಿಲ್ಲ. ಆ ಕೋಟು ಅಲ್ಲಿ ಕಾಯುತ್ತಿತ್ತು.

ತಾಲಾಯ್ ನನ್ನ ಮುಖ ನೋಡಿ, “ಏನಾಯ್ತು ಅಪಾ, ಚೆನ್ನಾಗಿಲ್ವಾ?” ಎಂದ.

“ಚೆನ್ನಾಗಿದೆ ಮಗಾ,” ಎಂದೆ. ಬೈಯಲು ಹೊತ್ತಿರಲಿಲ್ಲ.

ಗೋಡೆಯ ಹತ್ತಿರ ಹೋಗಿ ಕೋಟನ್ನು ಕೋಲಿನಿಂದ ಬಿಡಿಸಿದೆ. ಕೈಯಲ್ಲಿ ಹಿಡಿದು ನಿಲ್ಲಲಿಲ್ಲ, ಒಂದೇ ಉಸಿರಿಗೆ ತೊಟ್ಟುಕೊಂಡುಬಿಟ್ಟೆ. ತೋಳು ಉದ್ದ, ಬೆರಳು ಕಾಣುತ್ತಿರಲಿಲ್ಲ. ಎಡತೋಳಿನ ಮೂಳೆಗುಂಡಿ ಅಂಗೈಗೆ ತಣ್ಣಗೆ ತಾಗಿತು. ಈಗ ಬಟ್ಟೆಯ ಒಡತಿ ನಾನು. ಚಾಪೆಯ ಮೇಲೆ ಕೂತು, ಗೋಡೆಗೆ ಮುಖ ಮಾಡಿ, ನನಗೆ ನಾನೇ ಕೊಶೋಕ್ ಹಾಡಿದೆ. ಬುರುಲ್ಚಾ ಹೋದಳು, ಅವಳ ಒಲೆ ಆರಿತು, ಅವಳ ರೊಟ್ಟಿಗೆ ಉಪ್ಪು ಸರಿಯಾಗಿರುತ್ತಿತ್ತು, ಅವಳಿಗೆ ಒಬ್ಬನೇ ಮಗ, ಅವನು ದೂರದಲ್ಲಿದ್ದಾನೆ, ಅವನಿಗೆ ಯಾರು ಹೇಳಿಕಳಿಸುತ್ತೀರಿ ಎಂದು. ಮೊದಲೇ ಯೋಚಿಸಿದ್ದ ಮಾತುಗಳಲ್ಲ. ಬಂದವು, ಹಾಡಿದೆ. ಒಂದೇ ಸಲ. ಮುಗಿಸಿ ಕೋಟು ತೆಗೆದು ಮಡಚಿ ಬಗಲಲ್ಲಿಟ್ಟುಕೊಂಡೆ. ಅದನ್ನು ಮತ್ತೆ ತಾಲಾಯ್‌ಗೆ ಕೊಡಲಿಲ್ಲ.

ಗೆನ್ನಾದಿ ಕಾರ್ಲೊವಿಚ್ ಟೇಪು ಹಿಂದಕ್ಕೆ ಸುತ್ತಿ ಕೇಳಿಸಿದರು. ನಾನು ಬಾಯಿ ತೆರೆಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದೆನಲ್ಲ, ಅಲ್ಲಿ ಏನೋ ಇತ್ತು. ಅವರು ಸದ್ದು ಏರಿಸಿದರು. ಬಹಳ ದೂರದಲ್ಲಿ, ಗುಡ್ಡದ ಆಚೆ ಎನ್ನುವಷ್ಟು ದೂರದಲ್ಲಿ, ಒಬ್ಬ ಗಂಡಸು ಕೂಗಿ ಅಳುತ್ತಿದ್ದ.

ಸಾವಿನ ಮನೆಗೆ ನಮ್ಮ ಗಂಡಸರು ಹಾಗೆಯೇ ಬರುವುದು. ಮನೆ ಕಾಣುವ ಮೊದಲೇ ಕುದುರೆಯ ಮೇಲಿಂದ ಕೂಗಿ ಅಳುತ್ತ, ಸತ್ತವರು ತಮಗೆ ಏನಾಗಬೇಕೋ ಅದನ್ನು ಹೇಳುತ್ತ ಬರುತ್ತಾರೆ. ಅಣ್ಣನಾದರೆ ಅಣ್ಣ ಎಂದು, ತಂದೆಯಾದರೆ ತಂದೆ ಎಂದು. ಈ ದನಿ “ಅಪಾ, ನನ್ನ ಅಪಾ” ಎನ್ನುತ್ತಿತ್ತು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಾಡುವಾಗ ಅವರಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ, ಗಾಜಿನ ಆಚೆ ಎಲ್ಲರೂ ಕೂತಲ್ಲೇ ಕೂತಿದ್ದರು. ಗೆನ್ನಾದಿ ಕಾರ್ಲೊವಿಚ್ ನಿಧಾನವಾಗಿ ತಿಳಿಸಿ ಹೇಳಿದರು. ಟೇಪು ಸುತ್ತಿದಾಗ ಒಂದು ಪದರದ ದನಿ ಪಕ್ಕದ ಪದರಕ್ಕೆ ಅಂಟುತ್ತದೆ, ಆಗ ಹಾಡುವ ಮೊದಲೇ ಹಾಡಿನ ನೆರಳು ಕೇಳಿಸುವುದುಂಟು.

“ಹಾಗಿದ್ರೆ ಅದು ಅಪಾ ದನೀನೇ ಆಗಿರಬೇಕಲ್ವಾ?” ಎಂದ ತಾಲಾಯ್.

“ಆಗಿರಬೇಕು,” ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಆ ದನಿ ಯಾರದೆಂದು ತಾಲಾಯ್‌ಗೂ ಗೊತ್ತಾಗಿತ್ತು, ನನಗೂ. ಇಬ್ಬರೂ ಹೆಸರು ಹೇಳಲಿಲ್ಲ. ಅದನ್ನು ಅಳಿಸಬೇಡಿ ಎಂದಷ್ಟೇ ಕೇಳಿಕೊಂಡೆ. ಅವರು ಅಳಿಸಲಿಲ್ಲ. ಆ ಹಾಡು ಎರಡನೆಯ ಮಗ್ಗುಲಿನ ಕೊನೆಯಲ್ಲಿ ಹೋಯಿತು.

ಮುಂದಿನ ವರ್ಷ ಪ್ಲೇಟು ಬಂತು. ಅಂಗಡಿಯ ಮುಂದೆ ಹುಡುಗ ಹುಡುಗಿಯರು ಸಾಲು ನಿಂತರು. ಕೆಟ್ಟ ಟ್ರ್ಯಾಕ್ಟರನ್ನು ಯಾರೋ ಬೆಟ್ಟ ಹತ್ತಿಸುತ್ತಿರುವಂತಿದೆ ಎಂದು ಒಂದು ಪತ್ರಿಕೆ ಬರೆಯಿತು. ತಾಲಾಯ್ ಅದನ್ನು ಕತ್ತರಿಸಿ ಗ್ಯಾರೇಜಿನ ಬಾಗಿಲಿಗೆ ಅಂಟಿಸಿ ನಕ್ಕ. ಹಾಡು ಬರೆದವನು ಎಂದು ಹಿಂಬದಿಯಲ್ಲಿ ಕುಬಾತನ ಹೆಸರು ಅಚ್ಚಾಗಿತ್ತು. ಅದನ್ನು ಮಾತ್ರ ನಾನು ಸರಾಗವಾಗಿ ಓದಿದೆ.

ಮೊದಲ ಮಗ್ಗುಲನ್ನು ಮದುವೆಗಳಲ್ಲಿ ಹಾಕುತ್ತಿದ್ದರು. ಎರಡನೆಯದನ್ನು ಹಾಕಲು ಜನ ಹಿಂದೆಮುಂದೆ ನೋಡಿದರು. ಎತ್ತರದ ಹುಲ್ಲುಗಾವಲಿನಲ್ಲಿ ಕುದುರೆ ಮೇಯಿಸುವವರು ಹಾಕಿದಾಗ, ಆ ಕೂಗಿನ ಜಾಗ ಬಂದಾಗ ಹೆಣ್ಣುಕುದುರೆಗಳೆಲ್ಲ ತಲೆಯೆತ್ತಿ ಒಂದೇ ದಿಕ್ಕಿಗೆ ತಿರುಗಿ ನಿಂತವಂತೆ. ನರಿನ್ ಕಡೆಯಿಂದ ಒಬ್ಬ ಹೆಣ್ಣುಮಗಳು ರೇಡಿಯೋ ವಿಳಾಸಕ್ಕೆ ಕಾಗದ ಬರೆದಿದ್ದಳು, ತಾಲಾಯ್ ಓದಿ ಹೇಳಿದ. ಅವಳ ಮುದಿ ತಂದೆ ಕೂಗು ಕೇಳಿದ ಕೂಡಲೇ ಎದ್ದು, ಬಂದವನ ಕುದುರೆಯ ಲಗಾಮು ಹಿಡಿಯಲು ಹೊರಗೆ ಹೋದನಂತೆ. ಅಳುತ್ತ ಬಂದವನ ಲಗಾಮು ಮನೆಯವರು ಹಿಡಿಯಬೇಕಲ್ಲ, ರೂಢಿ. ಹೊರಗೆ ಯಾರೂ ಇರಲಿಲ್ಲ. ಅವನು ಮಾತ್ರ ಸಂಜೆಯವರೆಗೂ ಮುಷ್ಟಿ ಬಿಗಿಹಿಡಿದು ಅಲ್ಲಿಯೇ ನಿಂತಿದ್ದನಂತೆ.

ನಾನು ವರ್ಷಕ್ಕೊಮ್ಮೆ, ಕುಬಾತ್ ಹುಟ್ಟಿದ ದಿನ ಮಾತ್ರ ಆ ಮಗ್ಗುಲು ಹಾಕುತ್ತಿದ್ದೆ. ಎಂಬತ್ತೊಂಬತ್ತರಲ್ಲಿ ಅಫಘಾನಿಸ್ತಾನದಿಂದ ಸೈನ್ಯ ವಾಪಸು ಬಂತು, ಅವನು ಬರಲಿಲ್ಲ. ಆ ವರ್ಷ ಹಾಕಿದಾಗ ಕೂಗು ಗುಡ್ಡದ ಈಚೆಗೆ ಬಂದಿತ್ತು. ಕಿವಿಯ ಭ್ರಮೆ ಇರಬೇಕು ಎಂದುಕೊಂಡೆ. ನಮ್ಮ ಫ್ರುಂಜೆಯ ಹೆಸರು ಬಿಷ್ಕೆಕ್ ಎಂದು ಬದಲಾದ ವರ್ಷ ಕುದುರೆಯ ಗೊರಸು ಕೇಳಿಸಿತು. ಆಮೇಲೊಂದು ವರ್ಷ ಗೊರಸು ಹಲಗೆಯ ಮೇಲೆ ಬಿತ್ತು. ನಮ್ಮ ಬೀದಿಯ ಕಾಲುವೆಗೆ ಹಲಗೆಯ ಸೇತುವೆ.

ತಾಲಾಯ್‌ನನ್ನು ಕರೆಸಿದೆ. ಅವನು ತನ್ನ ಪ್ಲೇಟನ್ನೂ ತಂದ. ಮೊದಲು ಅವನದನ್ನು ಹಾಕಿದೆವು. ಕೂಗು ದೂರದಲ್ಲಿ, ಮೊದಲ ದಿನ ಎಲ್ಲಿತ್ತೋ ಅಲ್ಲೇ ಇತ್ತು. ನನ್ನದನ್ನು ಹಾಕಿದೆವು. ಸೇತುವೆ ದಾಟಿದ ಗೊರಸು. ಅವನು ಮುಳ್ಳು ಬದಲಿಸಿದ, ಪ್ಲೇಟುಗಳನ್ನು ಬೆಳಕಿಗೆ ಹಿಡಿದು ಗೆರೆ ನೋಡಿದ, ಮತ್ತೆ ಹಾಕಿದ. ನಂತರ ನನ್ನ ಪ್ಲೇಟನ್ನು ಎದೆಗೆ ಒತ್ತಿಕೊಂಡು ಕೂತ.

“ಅಪಾ, ಇದನ್ನ ಒಡೆದುಹಾಕೋಣ. ಅವನು ಬರ್ತಿರೋದು ನಿಮ್ಮ ಸಾವಿಗೆ.”

“ಬರ್ತಿದಾನಲ್ಲ,” ಎಂದೆ. “ಸತ್ತವನಾಗಿದ್ರೆ ನಾನು ಅವನಿಗೆ ಅಳಬೇಕಿತ್ತು. ಅವನೇ ನನಗೆ ಅಳ್ತಿದಾನೆ.”

ಅದಾದ ಮೇಲೆ ಹಾಕಿದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ. ಕೂಗು ಇರಲಿಲ್ಲ. ಕುದುರೆ ಏದುಸಿರು ಬಿಡುವುದು ಕೇಳಿಸಿತು. ಕಾಲಿಡುವ ರಿಕಾಪು ಕಿಣಿ ಎಂದಿತು, ಯಾರೋ ನೆಲಕ್ಕೆ ಇಳಿದರು. ನಮ್ಮ ಗೇಟಿನ ಅಗುಳಿ ಸ್ವಲ್ಪ ಸಡಿಲ, ಮುಟ್ಟಿದರೆ ಅದರದೇ ಒಂದು ಸದ್ದು. ಆ ಸದ್ದು ಆಯಿತು. ಅಲ್ಲಿಗೆ ನನ್ನ ಹಾಡು ಶುರುವಾಗಿಬಿಟ್ಟಿತು. ಹೊರಗೆ ಹೋಗಿ ನೋಡಿದೆ. ಮಧ್ಯಾಹ್ನದ ಬಿಸಿಲು, ಖಾಲಿ ಬೀದಿ, ಸಾಕಿಶ್‌ಳ ಕೋಳಿಗಳು. ಗೇಟಿನ ಹತ್ತಿರ ಕುದುರೆಬೆವರಿನ ವಾಸನೆ ಇತ್ತು.

ಇನ್ನೊಂದು ಸಲ ಹಾಕಿದರೆ ಒಳಗೆ ಬರುತ್ತಾನೆ. ಬಂದರೆ ನಾನು ಸತ್ತಿರಬೇಕು, ಹಾಡಿನಲ್ಲಿ ಹಾಗೆಂದು ನಾನೇ ಹೇಳಿದ್ದೇನೆ. ಹೆದರಿದೆ. ಪ್ಲೇಟನ್ನು ಹಾಸಿನ ಅಡಿಯಲ್ಲಿಟ್ಟು ಹನ್ನೊಂದು ವರ್ಷ ಬದುಕಿದೆ.

ಸಾಕಿಶ್ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಅವಳಿಗೆ ಕೊಶೋಕ್ ಹಾಡಿದೆ. ಗೋಡೆಗೆ ಮುಖ ಮಾಡಿ ಕೂತಾಗ ಹತ್ತು ಜನರೆದುರು ಅವಳು ಅಂದದ್ದು ನೆನಪಿಗೆ ಬಂತು. ಆಗ ಅದು ಸುಳ್ಳಾಗಿತ್ತು. ಈಗ ನಿಜ. ಹನ್ನೊಂದು ಚಳಿಗಾಲ ನನ್ನ ಮಗನನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನೇ.

ತಾಲಾಯ್‌ಗೆ ಹೇಳಿಕಳಿಸಿದ್ದೇನೆ, ಭಾನುವಾರ ಬೆಳಿಗ್ಗೆ ಬರುತ್ತಾನೆ. ಅವನ ತಲೆಯೂ ನರೆತಿದೆ. ಪ್ಲೇಟು ತಿರುಗುವಾಗ ಗೇಟಿನ ಹತ್ತಿರ ನಿಲ್ಲು, ಲಗಾಮು ಹಿಡಿ ಎಂದಿದ್ದೇನೆ. ಏನು ಹೇಳಬೇಕು ಅವನಿಗೆ ಎಂದು ಫೋನಿನಲ್ಲಿ ಕೇಳಿದ. ಏನೂ ಹೇಳಬೇಡ, ದೂರದಿಂದ ಬಂದವನು, ಮೊದಲು ಚಹಾ ಕೊಡು ಎಂದೆ.

ಕೋಟನ್ನು ಬಿಸಿಲಿಗೆ ಹಾಕಿ ಕೊಡವಿ ಇಟ್ಟಿದ್ದೇನೆ. ಮೂಳೆಗುಂಡಿಯ ದಾರ ಸಡಿಲವಾಗಿತ್ತು, ಬಿಗಿಯಾಗಿ ಹೊಲಿದೆ. ಭಾನುವಾರ ಅದನ್ನು ನಾನು ತೊಡುವುದಿಲ್ಲ. ಅವನಿಗೆ ಚಳಿಯಾಗಿರುತ್ತದೆ.